ಬುಡ್ಡಿ ದೀಪದ ಪೂರ್ವೋತ್ತರ

ಸಕಲೇಶಪುರ, ಆಲೂರು ಸುತ್ತಿನ ಗುಡ್ಡಗಳಲ್ಲಿ ಈಗ ಹೋಂಸ್ಟೇಗಳಿಗೆ ಕೊರತೆಯಿಲ್ಲ. ಸಂಜೆಯಾಯಿತೆಂದರೆ ಕೆಲವು ಮನೆಗಳ ಅಂಗಳದ ಅಂಚಿನಲ್ಲಿ, ಕಾಫಿ ಒಣಗಿಸುವ ಕಣದ ಸುತ್ತ, ಖಾಲಿ ಬಿಯರ್ ಬಾಟಲಿಗಳಿಗೆ ಎಣ್ಣೆ ತುಂಬಿ, ಬಾಯಿಗೆ ದಪ್ಪ ಬತ್ತಿ ಇಳಿಸಿ, ಸಾಲಾಗಿ ಹಚ್ಚಿಡುತ್ತಾರೆ. ಬೆಂಗಳೂರಿನಿಂದ ಬಂದ ಅತಿಥಿಗಳಿಗೆ ಇದೊಂದು ಹೊಸ ಬಗೆಯ ಅಲಂಕಾರ. ಎಸೆಯುವ ಬಾಟಲಿಯನ್ನು ಮತ್ತೆ ಬಳಸಿದ ಸಮಾಧಾನ ಬೇರೆ. ಆದರೆ ಅದೇ ಮನೆಯ ಅಜ್ಜಿಯನ್ನು ಕರೆದು ತೋರಿಸಿದರೆ ಆಕೆಗೆ ಆಶ್ಚರ್ಯವೇನೂ ಆಗುವುದಿಲ್ಲ. ಆಕೆ ಮದುವೆಯಾಗಿ ಬಂದ ಕಾಲಕ್ಕೆ ಅಡಿಗೆಮನೆ, ಕೊಟ್ಟಿಗೆ, ಬಚ್ಚಲು ಮೂರಕ್ಕೂ ಇದ್ದದ್ದು ಇಂಥದೇ ದೀಪ. ಹೆಸರು ಮಾತ್ರ ಬೇರೆ, ಬುಡ್ಡಿ.

ಬುಡ್ಡಿ ಎಂದರೆ ಸಣ್ಣ ಸೀಸೆ, ಅಷ್ಟೆ. ಶಾಯಿ ಬುಡ್ಡಿ, ಎಣ್ಣೆ ಬುಡ್ಡಿ ಎನ್ನುವಾಗ ಇರುವ ಅರ್ಥವೇ ಬುಡ್ಡಿ ದೀಪದಲ್ಲಿಯೂ ಇದೆ. ಹಣತೆ, ಸೊಡರು, ದೀವಿಗೆ ಮುಂತಾದ ಹಳೆಯ ಹೆಸರುಗಳು ದೀಪಕ್ಕೆಂದೇ ಹುಟ್ಟಿದವು. ಬುಡ್ಡಿಗೆ ಆ ಭಾಗ್ಯವಿಲ್ಲ. ಇನ್ಯಾವುದಕ್ಕೋ ಮಾಡಿದ ಪಾತ್ರೆ ಕೆಲಸ ಮುಗಿದ ಮೇಲೆ ದೀಪವಾಯಿತು ಎಂಬುದನ್ನು ಅದರ ಹೆಸರೇ ಹೇಳುತ್ತದೆ. ದೇವರ ಮುಂದೆ ಅದಕ್ಕೆ ಸ್ಥಳವೂ ಇರಲಿಲ್ಲ. ದೇವರಿಗೆ ಎಳ್ಳೆಣ್ಣೆಯ ಅಥವಾ ತುಪ್ಪದ ದೀಪ, ಮನುಷ್ಯರಿಗೆ ಬುಡ್ಡಿ.

ಸೀಸೆಯ ದೀಪ ನಮ್ಮಲ್ಲಿ ಮೊದಲೇ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಎಣ್ಣೆಯಲ್ಲಿದೆ. ಬಯಲುಸೀಮೆಯ ಹರಳೆಣ್ಣೆ, ಹೊಂಗೆ ಎಣ್ಣೆ, ಎಳ್ಳೆಣ್ಣೆ ಇವೆಲ್ಲ ಮಂದವಾದವು. ಬತ್ತಿಯ ಎಳೆಗಳ ನಡುವಿನ ಸಂದಿನಲ್ಲಿ ಎಣ್ಣೆ ತಾನಾಗಿ ಮೇಲೇರಬೇಕು. ಮಂದವಾದ ಎಣ್ಣೆ ಬಹಳ ನಿಧಾನವಾಗಿ ಏರುತ್ತದೆ. ಎರಡು ಮೂರು ಬೆರಳು ಎತ್ತರ ಏರುವಷ್ಟರಲ್ಲಿ ಬತ್ತಿಯ ತುದಿ ಎಣ್ಣೆ ಸಾಲದೆ ಕರಕಲಾಗಿ ದೀಪ ನಂದುತ್ತದೆ. ಹೀಗಾಗಿ ಜ್ವಾಲೆ ಎಣ್ಣೆಯ ಮಟ್ಟಕ್ಕೆ ತೀರ ಹತ್ತಿರವೇ ಇರಬೇಕು. ನಮ್ಮ ಹಣತೆ ಅಗಲವಾಗಿ, ತಟ್ಟೆಯಂತೆ, ಬತ್ತಿ ಮಲಗುವಂತೆ ಇರುವುದು ಕುಂಬಾರನ ಸೌಂದರ್ಯಪ್ರಜ್ಞೆಯಿಂದ ಮಾತ್ರವಲ್ಲ, ಹರಳೆಣ್ಣೆಯ ಸ್ವಭಾವದಿಂದ. ಮಲೆನಾಡಿನಲ್ಲಿ ಇನ್ನೊಂದು ದಾರಿಯೂ ಇತ್ತು. ಘಟ್ಟದ ಕಾಡಿನ ಸಾಲುಧೂಪದ ಮರದ ಬೀಜದಿಂದ ತೆಗೆದ ಕೊಬ್ಬು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಅದರಿಂದ ಮೇಣದ ಬತ್ತಿಯನ್ನೂ ಮಾಡುತ್ತಿದ್ದರು.

ಅಂಗಳ ದಾಟಿ ಹೊರಗೆ ಹೋಗುವುದಾದರೆ ಹಣತೆ ಪ್ರಯೋಜನಕ್ಕೆ ಬಾರದು. ಮಳೆಗಾಲದ ರಾತ್ರಿ ಹಳ್ಳದಲ್ಲಿ ಹತ್ತುಮೀನು ಹಿಡಿಯಲು, ಗದ್ದೆ ಕಾಯುವ ಅಟ್ಟಣೆಗೆ ಹೋಗಲು, ದೂರದ ಒಂಟಿಮನೆಗೆ ಸಾವಿನ ಸುದ್ದಿ ಮುಟ್ಟಿಸಲು ಬೇಕಾದದ್ದು ದೊಂದಿ. ಒಣಗಿದ ಸೀಳುಗಳ ಕಟ್ಟು, ಅದಕ್ಕೆ ರಾಳವೋ ಎಣ್ಣೆಬಟ್ಟೆಯೋ. ಘಟ್ಟದ ಕೆಳಗಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದ ತುಳುವರಿಗೆ ತೆಂಗಿನ ಗರಿಯ ತೂಟೆ ಗೊತ್ತಿತ್ತು. ದೊಡ್ಡ ಮನೆಯ ಮೆರವಣಿಗೆಗೆ, ಯಕ್ಷಗಾನದ ರಂಗಸ್ಥಳಕ್ಕೆ ದೀವಟಿಗೆ. ಇವುಗಳಿಗೆಲ್ಲ ಒಂದೇ ಕಷ್ಟ: ಬೇಗ ಉರಿದು ಮುಗಿಯುತ್ತವೆ, ಇಲ್ಲವೇ ಒಬ್ಬ ಪಕ್ಕದಲ್ಲಿ ನಿಂತು ಎಣ್ಣೆ ಹೊಯ್ಯುತ್ತಲೇ ಇರಬೇಕು. ಎಣ್ಣೆಯನ್ನು ತನ್ನೊಳಗೇ ಇಟ್ಟುಕೊಂಡು ಗಂಟೆಗಟ್ಟಲೆ ಉರಿಯುವ ಪಂಜು ಸೀಮೆಎಣ್ಣೆ ಬರುವವರೆಗೆ ಸುಲಭವಾಗಿರಲಿಲ್ಲ.

ಸೀಮೆಎಣ್ಣೆಯ ಕಥೆ ದೂರದ್ದು. ಕೆನಡಾದ ಅಬ್ರಹಾಂ ಗೆಸ್ನರ್ 1846ರಲ್ಲಿ ಕಲ್ಲಿದ್ದಲಿನಿಂದ ತೆಳುವಾದ ದೀಪದ ಎಣ್ಣೆ ತೆಗೆದು ತೋರಿಸಿದ. ಅದಕ್ಕೆ ಕೆರೋಸಿನ್ ಎಂಬ ಹೆಸರು ಅವನದೇ. 1853ರಲ್ಲಿ ಇಂದಿನ ಯುಕ್ರೇನಿನ ಲ್ವೀವ್ ನಗರದ ಆಸ್ಪತ್ರೆಯಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಎಂಬ ಔಷಧಿ ತಯಾರಕನ ದೀಪದ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆದು ನೆಲದೆಣ್ಣೆ ಎತ್ತಿದ ಮೇಲೆ ಬೆಲೆ ಇಳಿಯಿತು. ಅಮೆರಿಕದ ಎಣ್ಣೆ, ಬಾಕುವಿನ ರಷ್ಯನ್ ಎಣ್ಣೆ, ಆಮೇಲೆ ಬರ್ಮಾದ ಎಣ್ಣೆ ಒಂದರ ಹಿಂದೆ ಒಂದು ನಮ್ಮ ಬಂದರುಗಳಿಗೆ ಬಂದವು. 1892ರಲ್ಲಿ ‘ಮ್ಯೂರೆಕ್ಸ್’ ಎಂಬ ಹಡಗು ಹೊಟ್ಟೆಯ ತುಂಬ ಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿತು. ಅದಕ್ಕೆ ಮುಂಚೆ ಪೂರ್ವದೇಶಗಳಿಗೆ ಎಣ್ಣೆ ಬರುತ್ತಿದ್ದುದು ಮರದ ಪೆಟ್ಟಿಗೆಯೊಳಗಿನ ಚೌಕ ತಗಡಿನ ಡಬ್ಬಗಳಲ್ಲಿ, ಡಬ್ಬಕ್ಕೆ ನಾಲ್ಕು ಗ್ಯಾಲನ್.

ಸಮುದ್ರದಾಚೆಯಿಂದ ಬಂದದ್ದನ್ನೆಲ್ಲ ಸೀಮೆಯದು ಎನ್ನುವುದು ನಮ್ಮ ರೂಢಿ: ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹಾಗೆಯೇ ಸೀಮೆಎಣ್ಣೆ. ಕರಾವಳಿಯಲ್ಲೂ ಉತ್ತರದ ಜಿಲ್ಲೆಗಳಲ್ಲೂ ಇದಕ್ಕೆ ಚಿಮಣಿ ಎಣ್ಣೆ ಎನ್ನುತ್ತಾರೆ. ಇದರಲ್ಲೊಂದು ತಮಾಷೆಯಿದೆ. ಚಿಮಣಿ ಎಂದರೆ ದೀಪದ ಮೇಲಿನ ಗಾಜಿನ ಕೊಳವೆ. ಗಾಜಿಲ್ಲದ, ಬರಿಯ ಬತ್ತಿಯ ಬಡವರ ದೀಪಕ್ಕೂ ನಮ್ಮ ಜನ ಚಿಮಣಿ ಎಂದೇ ಕರೆದರು. ಇಲ್ಲದ ವಸ್ತುವಿನ ಹೆಸರು ದೀಪಕ್ಕೂ ಎಣ್ಣೆಗೂ ಅಂಟಿಕೊಂಡಿತು.

ಈ ಎಣ್ಣೆಯ ವಿಶೇಷ ಅದು ನೀರಿನಂತೆ ತೆಳುವಾಗಿರುವುದು. ಒಂದು ಗೇಣಿನ ಬತ್ತಿಯಲ್ಲಿಯೂ ತಡೆಯಿಲ್ಲದೆ ಮೇಲೇರುತ್ತದೆ. ಆದ್ದರಿಂದ ಪಾತ್ರೆ ಎತ್ತರವಾಗಿರಬಹುದು, ಬಾಯಿ ಕಿರಿದಾಗಿರಬಹುದು, ಜ್ವಾಲೆ ಎಣ್ಣೆಯಿಂದ ದೂರವಿರಬಹುದು. ಹಣತೆಗೆ ಸಾಧ್ಯವಾಗದ್ದು ಸೀಸೆಗೆ ಸಾಧ್ಯವಾಯಿತು. ಎಣ್ಣೆ ಬಂದಾಯಿತು, ಸೀಸೆ ಎಲ್ಲಿಂದ ಬಂತು?

ಗಾಜು ನಮಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿತ್ರದುರ್ಗ ಕಡೆಯ ಮತ್ತೋಡಿನಲ್ಲಿ ಗಾಜು ಕರಗಿಸುವುದನ್ನು ನೋಡಿ ಬರೆದಿದ್ದಾನೆ. ಆದರೆ ಆ ಗಾಜೆಲ್ಲ ಬಳೆಗೆ. ಊದಿ ಸೀಸೆ ಮಾಡುವ ಕಸುಬು ನಮ್ಮ ಕಡೆ ಬೆಳೆಯಲಿಲ್ಲ. ಮಲೆನಾಡಿಗೆ ಸೀಸೆ ತಂದವರಲ್ಲಿ ಕಾಫಿ ದೊರೆಗಳು ಮುಖ್ಯರು. ಸಕಲೇಶಪುರವನ್ನು ಒಳಗೊಂಡ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂದು ಹೆಸರು. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರು ಅದು. 1840ರ ದಶಕದಿಂದ ಇಲ್ಲಿ ಯುರೋಪಿಯನ್ನರ ತೋಟಗಳು ಎದ್ದವು. ಇಲ್ಲೇ ನೆಲೆಸಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲೂ 1894ರಲ್ಲೂ ಪ್ರಕಟಿಸಿದ ಪುಸ್ತಕಗಳು ಆ ಜೀವನದ ಪರಿಚಯ ಕೊಡುತ್ತವೆ. ಬಂಗಲೆಯಲ್ಲಿ ಖಾಲಿಯಾದ ಬಿಯರ್, ಬ್ರಾಂದಿ, ಉಪ್ಪಿನಕಾಯಿ, ಔಷಧಿಯ ಸೀಸೆಗಳು ಬಟ್ಲರನ ಕೈಯಿಂದ ಲೈನ್ ಮನೆಗಳಿಗೆ, ಅಲ್ಲಿಂದ ಸಂತೆಗೆ ಇಳಿಯುತ್ತಿದ್ದ ಬಗೆಯನ್ನು ಊಹಿಸುವುದು ಕಷ್ಟವಲ್ಲ.

ಸೀಸೆ ಆಗ ಎಸೆಯುವ ವಸ್ತುವಲ್ಲ ಎಂಬುದನ್ನು ಈ ಕಾಲದ ಓದುಗರು ನೆನಪಿನಲ್ಲಿಡಬೇಕು. ಮಲೆನಾಡಿನ ಚಳಿಜ್ವರಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಖಾಲಿ ಸೀಸೆ ಒಯ್ಯಬೇಕಿತ್ತು. ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ಸುರಿದು, ಹೊತ್ತಿಗೆಷ್ಟು ಎಂದು ತೋರಿಸಲು ಪಟ್ಟಿ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದ. ಸೀಸೆ ಇಲ್ಲದಿದ್ದರೆ ಔಷಧಿಯೂ ಇಲ್ಲ. 1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ತಾನಾಗಿ ಸೀಸೆ ಊದುವ ಯಂತ್ರ ತಯಾರಿಸಿದ ಮೇಲೆ ಜಗತ್ತಿನಲ್ಲಿ ಸೀಸೆ ಅಗ್ಗವಾಗತೊಡಗಿತು. ನಮ್ಮಲ್ಲಿ ಸ್ವದೇಶಿ ಚಳವಳಿಯ ಬಿಸಿಯಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ ಪುಣೆಯ ಬಳಿಯ ತಳೇಗಾಂವ್‌ನಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಕರಾಡದ ಹತ್ತಿರದ ಓಗಲೆವಾಡಿಯಲ್ಲಿ ತಯಾರಾದ ಪ್ರಭಾಕರ ಕಂದೀಲು ಹೆಸರು ಮಾಡಿತು. ಅನುಕೂಲಸ್ಥರ ಮನೆಗೆ ಕಂದೀಲು, ಲಾಟೀನು. ಮದುವೆಮನೆಗೆ, ಬಯಲಾಟಕ್ಕೆ ಪೆಟ್ರೋಮ್ಯಾಕ್ಸ್ ಗ್ಯಾಸ್ ಲೈಟು. ಉಳಿದವರಿಗೆಲ್ಲ ಬುಡ್ಡಿ.

ಅದನ್ನು ಮಾಡುವ ಬಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕೈಗೆ ಸಿಕ್ಕ ಸೀಸೆ, ಅದಕ್ಕೆ ತಗಡಿನ ಮುಚ್ಚಳ. ಮುಚ್ಚಳದ ನಡುವೆ ಮೊಳೆ ಬಡಿದು ತೂತು. ಆ ತೂತಿಗೆ ಕೊಳವೆ ಬೇಕು, ಯಾಕೆಂದರೆ ಬತ್ತಿಯನ್ನು ಬರಿದೆ ಇಳಿಸಿದರೆ ಜಾರಿ ಒಳಗೆ ಬೀಳುತ್ತದೆ, ಜ್ವಾಲೆ ಗಾಜಿಗೆ ತಾಗುತ್ತದೆ. ಕೊಳವೆಗೆ ಸೀಮೆಎಣ್ಣೆ ಡಬ್ಬದ ತಗಡಿನದೇ ಚೂರನ್ನು ಮೊಳೆಗೆ ಸುತ್ತಿ ಸುರುಳಿ ಮಾಡುತ್ತಿದ್ದರು. ಸೈಕಲ್ ಬಂದ ಮೇಲೆ ಹಳೆಯ ಟ್ಯೂಬಿನ ವಾಲ್ವಿನ ಹಿತ್ತಾಳೆ ಕೊಳವೆ ಕೆಲವರ ಬುಡ್ಡಿಗಳನ್ನು ಸೇರಿತು. ಬತ್ತಿಗೆ ಹಳೆಯ ಪಂಚೆಯ ಅಥವಾ ಸೀರೆಯ ಹತ್ತಿ ಬಟ್ಟೆಯನ್ನು ಹರಿದು ಹೊಸೆದರೆ ಸಾಕು. ನೈಲಾನ್ ಬಟ್ಟೆ ಆಗದು, ಅದು ಎಣ್ಣೆ ಎಳೆಯದೆ ಕರಗಿ ಮುದ್ದೆಯಾಗುತ್ತದೆ. ಬತ್ತಿ ಕೊಳವೆಯಲ್ಲಿ ಬಿಗಿಯಾಗಿ ಕೂರಬೇಕು. ತೀರ ಬಿಗಿಯಾದರೆ ಎಣ್ಣೆ ಏರುವುದಿಲ್ಲ. ಬಲ್ಲವರು ಮುಚ್ಚಳಕ್ಕೆ ಪಕ್ಕದಲ್ಲಿ ಸೂಜಿಯಷ್ಟು ಸಣ್ಣ ಇನ್ನೊಂದು ತೂತು ಮಾಡುತ್ತಿದ್ದರು. ಎಣ್ಣೆ ಇಳಿದಂತೆ ಅಷ್ಟು ಗಾಳಿ ಒಳಗೆ ಹೋಗಬೇಕಲ್ಲ, ಅದಕ್ಕೆ. ತಿಂಗಳ ಕೊನೆಯಲ್ಲಿ ಎಣ್ಣೆ ತಳ ಸೇರಿ ಬತ್ತಿಗೆ ಎಟುಕದಾದಾಗ ಸೀಸೆಗೆ ಸ್ವಲ್ಪ ನೀರು ಹೊಯ್ಯುವ ಉಪಾಯವೂ ಉಂಟು: ನೀರು ಕೆಳಗೆ ನಿಂತು ಎಣ್ಣೆಯನ್ನು ಮೇಲೆತ್ತುತ್ತದೆ. ನೀರು ಬತ್ತಿಗೇ ತಾಗಿತೋ, ದೀಪ ಚಟಪಟ ಎಂದು ಆರುತ್ತದೆ.

ಎಲ್ಲ ಸೀಸೆಯೂ ಇದಕ್ಕೆ ಒಗ್ಗುವುದಿಲ್ಲ. ಗೋಲಿ ಸೋಡಾದ ಬಾಟಲಿ ಎಷ್ಟು ಗಟ್ಟಿಯಾಗಿದ್ದರೂ ದೀಪಕ್ಕೆ ಬಾರದು. 1872ರಲ್ಲಿ ಹಿರಂ ಕಾಡ್ ಎಂಬ ಇಂಗ್ಲಿಷಿನವನು ಹಕ್ಕು ಪಡೆದ ಆ ಬಾಟಲಿಯ ಕುತ್ತಿಗೆಯಲ್ಲಿ ಗೋಲಿ ಕುಳಿತಿರುತ್ತದೆ, ಬತ್ತಿ ಇಳಿಯಲು ದಾರಿಯಿಲ್ಲ. ಹೊರಗೆ ಒಯ್ಯಲು ಉದ್ದ ಕುತ್ತಿಗೆಯ ಸೀಸೆ ಕೈಯಲ್ಲಿ ಹಿಡಿಯಲು ಅನುಕೂಲ. ಅವಸರಕ್ಕೆ ಬಾಯಿಗೆ ಬಟ್ಟೆ ತುರುಕಿ ಹಚ್ಚಿದರೂ ಒಂದು ಪಂಜಾಯಿತು. ಆದರೆ 1939ರಲ್ಲಿ ಸೋವಿಯತ್ ಟ್ಯಾಂಕುಗಳ ಮೇಲೆ ಫಿನ್ಲೆಂಡಿನ ಸೈನಿಕರು ಎಸೆದದ್ದು ಹೆಚ್ಚುಕಡಿಮೆ ಇಂಥದೇ ವಸ್ತು. ಬಟ್ಟೆ ತುರುಕಿದ ಸೀಸೆ ಪಂಜೋ ಬಾಂಬೋ ಎಂಬುದು ಅದು ನೆಲಕ್ಕೆ ಬೀಳುತ್ತದೆಯೇ ಇಲ್ಲವೇ ಎಂಬುದರ ಮೇಲೆ ಇದೆ. ಗಾಳಿಗೆ ಆರದಿರಲು ಗಾಜಿನ ಮರೆ ಬೇಕೆಂದರೆ ಅದಕ್ಕೂ ಇನ್ನೊಂದು ಬಾಟಲಿಯೇ. ಎಣ್ಣೆಯಲ್ಲಿ ಅದ್ದಿದ ದಾರವನ್ನು ಬಾಟಲಿಗೆ ಸುತ್ತಿ ಹಚ್ಚಿ, ಉರಿದು ಮುಗಿಯುತ್ತಲೇ ತಣ್ಣೀರಿಗೆ ಅದ್ದಿದರೆ ದಾರವಿದ್ದ ಗೆರೆಯಲ್ಲಿಯೇ ಗಾಜು ಬಿರಿದು ತಳ ಬೇರೆಯಾಗುತ್ತದೆ. ಈ ಉಪಾಯ ಮನಸ್ಸಿಗೆ ಸಂತೋಷ ಕೊಡುವಂಥದು, ಜೊತೆಗೆ ಒಂದು ಎಚ್ಚರವನ್ನೂ ಕೊಡುತ್ತದೆ: ಒಂದು ಕಡೆ ಕಾದ ಬಾಟಲಿಯ ಮೇಲೆ ನಾಲ್ಕು ಹನಿ ಮಳೆ ಬಿದ್ದರೂ ಅದೇ ಆದೀತು.

ಬುಡ್ಡಿಯ ಗುಣಗಾನ ಇಲ್ಲಿಗೆ ನಿಲ್ಲಬೇಕು. ಗಾಜಿನ ಚಿಮಣಿ ಇದ್ದರೆ ಗಾಳಿ ಕೆಳಗಿನಿಂದ ಎಳೆದು ಜ್ವಾಲೆ ಬೆಳ್ಳಗೆ ಉರಿಯುತ್ತದೆ. ಬುಡ್ಡಿಗೆ ಅದಿಲ್ಲದ್ದರಿಂದ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಇಂಥ ಬರಿಬತ್ತಿಯ ದೀಪಗಳಲ್ಲಿ ಉರಿದ ಸೀಮೆಎಣ್ಣೆಯ ನೂರಕ್ಕೆ ಏಳರಿಂದ ಒಂಬತ್ತು ಪಾಲು ಮಸಿಯಾಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಅಳೆದು ಹೇಳಿತು. ಬುಡ್ಡಿಯ ಮುಂದೆ ಓದಿದ ಮಕ್ಕಳ ಮೂಗು ಬೆಳಿಗ್ಗೆ ಕಪ್ಪಾಗುತ್ತಿದ್ದುದನ್ನು ಕಂಡವರಿಗೆ ಆ ಅಂಕಿಯ ಅಗತ್ಯವಿಲ್ಲ. ಮನೆಯೊಳಗೆ ಸೀಮೆಎಣ್ಣೆ ಉರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಸಲಹೆ ನೀಡಿತು.

ಮಸಿಗಿಂತ ದೊಡ್ಡದು ಬೆಂಕಿಯ ಭಯ. ಸೀಸೆ ಎತ್ತರ, ತಳ ಕಿರಿದು, ಮೈ ದುಂಡು. ಕೈ ತಾಗಿದರೆ ಬೀಳುತ್ತದೆ, ಬಿದ್ದರೆ ಉರುಳುತ್ತದೆ, ಉರುಳಿದರೆ ಸಡಿಲ ಮುಚ್ಚಳ ಕಳಚಿ ಎಣ್ಣೆ ಚೆಲ್ಲುತ್ತದೆ, ಚೆಲ್ಲಿದ ಎಣ್ಣೆಯ ಪಕ್ಕದಲ್ಲೇ ಬೆಂಕಿ ಇದೆ. ಸೋಗೆಯ ಮಾಡಿನ ಮನೆ, ನೆಲದ ಮೇಲೆ ಮಲಗಿದ ಮಕ್ಕಳು, ಸೀರೆಯ ಸೆರಗು. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಸುಟ್ಟಗಾಯದವರನ್ನು ಹೊತ್ತು ಹಳ್ಳ ದಾಟಿ ಆಸ್ಪತ್ರೆ ಮುಟ್ಟಿಸುವುದು ಎಷ್ಟು ಸಾಧ್ಯವಿತ್ತೆಂದು ಯೋಚಿಸಿದರೆ ಈ ದೀಪದ ನಿಜವಾದ ಬೆಲೆ ತಿಳಿಯುತ್ತದೆ.

ಈ ವಿಷಯವನ್ನು ಒಬ್ಬ ವೈದ್ಯರು ಗಂಭೀರವಾಗಿ ತೆಗೆದುಕೊಂಡದ್ದು ನೆರೆಯ ಶ್ರೀಲಂಕಾದಲ್ಲಿ. ಮಲೆನಾಡಿನಂತೆಯೇ ಕಾಫಿಯಿಂದ ಬದಲಾದ ಗುಡ್ಡಗಾಡು ಅಲ್ಲಿಯೂ ಇತ್ತು. 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಅಲ್ಲಿನ ಕಾಫಿ ನಾಶವಾಗಿ ಚಹಾ ಬಂತು. ಬಡವರ ಮನೆಯ ದೀಪ ಅಲ್ಲಿಯೂ ಸೀಸೆಯದೇ. ಶಸ್ತ್ರಚಿಕಿತ್ಸಕ ಡಾ. ವಿಜಯ ಗೊಡಕುಂಬುರ ಅವರು ಈ ದೀಪಗಳಿಂದ ಸುಟ್ಟುಕೊಂಡು ಬಂದವರಿಗೆ ಚಿಕಿತ್ಸೆ ಮಾಡಿ ಮಾಡಿ ಬೇಸತ್ತು, ದೋಷ ಜನರದಲ್ಲ, ಸೀಸೆಯ ಆಕಾರದ್ದು ಎಂಬ ತೀರ್ಮಾನಕ್ಕೆ ಬಂದರು. ಮಾರ್ಮೈಟ್ ಎಂಬ ತಿನಿಸಿನ ಗಿಡ್ಡ ದಪ್ಪ ಬಾಟಲಿ ಅವರಿಗೆ ದಾರಿ ತೋರಿಸಿತು. 1990ರ ದಶಕದ ಆರಂಭದಲ್ಲಿ ಅವರು ರೂಪಿಸಿದ ದೀಪಕ್ಕೆ ‘ಸುದೀಪ’ ಎಂದು ಹೆಸರು. ಗಿಡ್ಡ, ತೂಕದ, ದಪ್ಪ ಗಾಜಿನ ಸೀಸೆ. ಬಿದ್ದರೂ ಉರುಳದಂತೆ ಎರಡು ಬದಿ ಚಪ್ಪಟೆ. ಎಣ್ಣೆ ಚೆಲ್ಲದಂತೆ ತಿರುಪಿನ ಲೋಹದ ಮುಚ್ಚಳ. ಹಳೆಯ ಗಾಜನ್ನೇ ಕರಗಿಸಿ ಅಗ್ಗವಾಗಿ ಮಾಡಿಸಿದ ಈ ದೀಪಗಳು ಲಕ್ಷಾಂತರ ಮನೆಗಳನ್ನು ಸೇರಿದವು. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

ಸುದೀಪದ ಆಕಾರವನ್ನು ಕೇಳಿದಾಗ ನಮ್ಮವರಿಗೆ ಏನೋ ನೆನಪಾಗಬೇಕು. ಶಾಲೆಯ ಮಕ್ಕಳ ಶಾಯಿ ಬುಡ್ಡಿ! ಗಿಡ್ಡ, ತಳ ಅಗಲ, ತಿರುಪಿನ ಮುಚ್ಚಳ. ಅದರಿಂದ ಮಾಡಿದ ದೀಪವನ್ನು ಹೆಂಗಸರು ಬ್ರಾಂದಿ ಬಾಟಲಿಯದಕ್ಕಿಂತ ಮೇಲೆಂದು ಎಣಿಸುತ್ತಿದ್ದುದಕ್ಕೆ ಕಾರಣ ಇಷ್ಟೇ, ಅದು ಬೀಳುತ್ತಿರಲಿಲ್ಲ. ಆ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ, ಯಾವ ಕಾರ್ಖಾನೆಯೂ ಕೇಳಲಿಲ್ಲ.

ವಿದ್ಯುತ್ತಿನ ಇತಿಹಾಸ ಓದುವಾಗ ಮೈಸೂರು ಸಂಸ್ಥಾನದ ಬಗ್ಗೆ ಹೆಮ್ಮೆಯೆನಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟು ಹೋಯಿತು. ಆದರೆ ಗುಡ್ಡಕ್ಕೊಂದು ಮನೆ ಇರುವ ಮಲೆನಾಡಿಗೆ ಕಂಬ ನೆಡುವುದು ಬೇರೆಯೇ ಮಾತು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಅಲ್ಲಿಂದ ಬರುವ ಎಣ್ಣೆ ನಿಂತು ಸೀಮೆಎಣ್ಣೆಯ ಅಭಾವ ತಲೆದೋರಿತು. ಅಟ್ಟ ಸೇರಿದ್ದ ಹರಳೆಣ್ಣೆಯ ದೀಪಗಳಿಗೆ ಮತ್ತೆ ಕೆಲಸ ಬಂತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನುಗಳ ಸಾಲು. ಕಲಬೆರಕೆ ಪತ್ತೆಯಾಗಲೆಂದು ಪಡಿತರದ ಎಣ್ಣೆಗೆ ನೀಲಿ ಬಣ್ಣ ಬೆರೆಸಿದ್ದರಿಂದ ಗಾಜಿನ ಬುಡ್ಡಿಗಳೂ ನೀಲಿಯಾಗಿ ಕಂಡವು. 1979-80ರ ಹೊತ್ತಿಗೆ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ಬಲ್ಬು ಕೊಟ್ಟಿತು. ಮರ ಬಿದ್ದು ತಂತಿ ಹರಿಯುವ ಆಷಾಢದಲ್ಲಿ ಆ ಬಲ್ಬಿನ ಕೆಳಗೇ ಬುಡ್ಡಿ ಉರಿಯುತ್ತಿತ್ತು ಎಂಬುದೂ ನಿಜ. 2017ರ ಸೌಭಾಗ್ಯ ಯೋಜನೆಯ ಹೊತ್ತಿಗೆ ಸೋಲಾರ್ ದೀಪ, ಚಾರ್ಜ್ ಮಾಡುವ ಬ್ಯಾಟರಿ ಎಲ್ಲೆಡೆ ಬಂದಿದ್ದವು. 2021-22ರ ಕೇಂದ್ರ ಬಜೆಟ್ಟಿನಲ್ಲಿ ಸೀಮೆಎಣ್ಣೆ ಸಬ್ಸಿಡಿಗೆ ಹಣವನ್ನೇ ಇಡಲಿಲ್ಲ. ಬುಡ್ಡಿಯ ಕಾಲ ಹೀಗೆ ಮುಗಿಯಿತು.

ಮುಗಿದದ್ದು ಅಂಗಳಕ್ಕೆ ಮರಳಿ ಬಂದಿದೆ. ಈ ಸಲ ಬಂದ ದಾರಿ ಅಮೆರಿಕದ್ದು. ಶಾಂತಸಾಗರದ ದ್ವೀಪಗಳ ಪಂಜನ್ನು ಅನುಕರಿಸಿ 1930ರ ದಶಕದಿಂದ ಕ್ಯಾಲಿಫೋರ್ನಿಯಾದ ಹೋಟೆಲುಗಳಲ್ಲಿ ಬೆಳೆದ ಅಲಂಕಾರ ಮನೆಯಂಗಳದ ‘ಟಿಕಿ’ ಪಂಜಾಗಿ, ಆಮೇಲೆ ಖಾಲಿ ಬಾಟಲಿಯ ಪಂಜಾಗಿ, ನಮ್ಮ ಕಾಫಿ ತೋಟಗಳಿಗೆ ಮುಟ್ಟಿದೆ. ನೋಡಲು ಚೆಂದ ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಬಾಟಲಿಯ ಆಯ್ಕೆಯ ಬಗ್ಗೆ. ಉದ್ದ ಕುತ್ತಿಗೆಯ ಬಿಯರ್ ಬಾಟಲಿ, ಅಂದರೆ ಸುದೀಪಕ್ಕೆ ನೇರ ವಿರುದ್ಧವಾದ ಆಕಾರ, ಊಟದ ಮೇಜಿನ ಪಕ್ಕದಲ್ಲಿ, ಓಡಾಡುವ ಮಕ್ಕಳ ಎದೆಯ ಮಟ್ಟದಲ್ಲಿ. ಸೀಮೆಎಣ್ಣೆ ಸಿಗದೆ ಪೆಟ್ರೋಲು ಅಥವಾ ಥಿನ್ನರ್ ಸುರಿದರಂತೂ ಮಾತೇ ಬೇಡ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಸುಮಾರು 38 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು; ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದು ಸಾಧ್ಯ. ಉರಿಯುತ್ತಿರುವ ದೀಪಕ್ಕೆ ಎಣ್ಣೆ ಹೊಯ್ಯಬಾರದೆಂಬ ಅಜ್ಜಿಯ ನಿಯಮ ಮೂಢನಂಬಿಕೆಯಲ್ಲ. ಸಾಲು ಪಂಜು ಹಚ್ಚಿಟ್ಟರೆ ಆನೆ ಬರುವುದಿಲ್ಲ ಎಂದು ಅತಿಥಿಗಳಿಗೆ ಧೈರ್ಯ ಹೇಳುವುದೂ ಸರಿಯಲ್ಲ. ಆಲೂರು, ಸಕಲೇಶಪುರದ ಆನೆಗಳು ತೋಟದ ದೀಪ, ಪಟಾಕಿ ಎಲ್ಲವನ್ನೂ ನೋಡಿ ಪಳಗಿವೆ. ಬೆಂಕಿಯುಂಡೆ ಎಸೆದು ಆನೆ ಓಡಿಸುವುದರ ವಿರುದ್ಧ 2018ರಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟದ್ದೂ ಉಂಟು.

ಅಂಗಳಕ್ಕೆ ಸೀಸೆಯ ದೀಪವೇ ಬೇಕೆನ್ನುವವರಿಗೆ ಗಿಡ್ಡ, ದಪ್ಪ ಗಾಜಿನ, ತಿರುಪಿನ ತಗಡು ಮುಚ್ಚಳದ ಬಾಟಲಿ ಒಳ್ಳೆಯದು. ತಳಕ್ಕೆ ಒಂದಿಷ್ಟು ಹೊಳೆಗಲ್ಲು ತುಂಬಿದರೆ ಭಾರವೂ ಬರುತ್ತದೆ, ಎಣ್ಣೆಯೂ ಕಡಿಮೆ ಸಾಕು. ಕೊಳವೆ ಮುಚ್ಚಳದ ಮೇಲೆ ಬೆರಳೆತ್ತರ ಚಾಚಿರಲಿ, ಎಣ್ಣೆ ಮುಕ್ಕಾಲಿಗಿಂತ ಹೆಚ್ಚು ಬೇಡ. ಬಾಲ್ ಪೆನ್ನು ಬಂದ ಮೇಲೆ ಶಾಯಿ ಬುಡ್ಡಿ ಗುಜರಿ ಅಂಗಡಿಯಲ್ಲಿಯೂ ಅಪರೂಪ. ಜಾಮಿನ ಬಾಟಲಿ ಧಾರಾಳವಾಗಿ ಸಿಗುತ್ತದೆ.